ಮಂಪರಿನ ಮಾತ್ರೆ, ಮಂದವಾದ ಥೈರಾಯ್ಡ್

ಮಧ್ಯವಯಸ್ಸು ದಾಟಿದವರ ಮಾತ್ರೆ ಡಬ್ಬಿಯನ್ನು ಬಿಚ್ಚಿ ನೋಡಿದರೆ ಒಂದು ಸಣ್ಣ ಔಷಧಿ ಅಂಗಡಿಯೇ ಅಲ್ಲಿರುತ್ತದೆ. ಬಿ.ಪಿ.ಗೆ ಒಂದು, ಸಕ್ಕರೆ ಕಾಯಿಲೆಗೆ ಎರಡು, ಥೈರಾಯ್ಡ್‌ಗೆ ಒಂದು, ಫಿಟ್ಸ್‌ಗೆ ಇನ್ನೊಂದು, ನಿದ್ದೆಗೆ ಮತ್ತೊಂದು. ಒಂದೊಂದನ್ನು ಒಬ್ಬೊಬ್ಬ ವೈದ್ಯರು ಬರೆದುಕೊಟ್ಟಿರುತ್ತಾರೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಒಳ್ಳೆಯ ಔಷಧಿಗಳೇ. ಆದರೆ ಹೊಟ್ಟೆ ಸೇರಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಒಂದೇ ಯಕೃತ್ತನ್ನು ಹಾದುಹೋಗಬೇಕು. ಅಲ್ಲಿ ಒಂದು ಔಷಧಿ ಇನ್ನೊಂದರ ಕೆಲಸವನ್ನು ಕೆಡಿಸುವುದುಂಟು.

ಅಂಥ ಜೋಡಿಗಳಲ್ಲಿ ಒಂದು, ಥೈರಾಯ್ಡ್ ಗ್ರಂಥಿ ಸೋತವರು ನುಂಗುವ ಥೈರಾಕ್ಸಿನ್ ಮತ್ತು ಬಾರ್ಬಿಚುರೇಟ್ ವರ್ಗದ ಮಂಪರಿನ ಔಷಧಿ. ಇದನ್ನು ವಿಜ್ಞಾನಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಬಲ್ಲರು. ಆದರೆ ಮಾತ್ರೆ ನುಂಗುವವರಿಗೆ ಹೇಳುವವರು ಕಡಿಮೆ.

ಗ್ರಂಥಿ ಸೋತಾಗ

ಕತ್ತಿನ ಮುಂಭಾಗದಲ್ಲಿ, ಗಂಟಲ ಗಡ್ಡೆಯ ಕೆಳಗೆ, ಚಿಟ್ಟೆಯ ಆಕಾರದಲ್ಲಿ ಕುಳಿತಿರುವುದೇ ಥೈರಾಯ್ಡ್ ಗ್ರಂಥಿ. ಇದು ಸ್ರವಿಸುವ ಥೈರಾಕ್ಸಿನ್ ಹಾರ್ಮೋನು ದೇಹದ ಪ್ರತಿಯೊಂದು ಜೀವಕೋಶವೂ ಯಾವ ವೇಗದಲ್ಲಿ ಕೆಲಸ ಮಾಡಬೇಕೆಂಬುದನ್ನು ನಿರ್ಧರಿಸುತ್ತದೆ. ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡುವ ತಿರುಪಿನಂತೆ ಎಂದುಕೊಳ್ಳಿ. ಉರಿ ತಗ್ಗಿದರೆ ಎಲ್ಲವೂ ನಿಧಾನ. ಮೈ ಭಾರ, ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣಗಿದ ಚರ್ಮ, ಉದುರುವ ಕೂದಲು, ಊದಿದ ಮುಖ, ಗೊಗ್ಗರು ದನಿ, ಮರೆವು, ಹೆಂಗಸರಲ್ಲಿ ಮುಟ್ಟಿನ ಏರುಪೇರು ಕಾಣಿಸಿಕೊಳ್ಳುತ್ತವೆ. ನಾಡಿಯ ಬಡಿತವೂ ನಿಧಾನವಾಗುತ್ತದೆ.

ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಈ ಕೊರತೆಯನ್ನು ಕೂಡಲೇ ಗುರುತಿಸಿ, ಥೈರಾಯ್ಡನ್ನು ಎಬ್ಬಿಸಲು ಟಿ.ಎಸ್.ಎಚ್. ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಕಳಿಸುತ್ತದೆ. ರಕ್ತ ಪರೀಕ್ಷೆಯಲ್ಲಿ ಟಿ.ಎಸ್.ಎಚ್. ಏರಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಸೋತಿದೆ ಎಂದು ಅರ್ಥ.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರೂ ಸೇರಿ ಭಾರತದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇಕಡ 10.95 ಮಂದಿಗೆ, ಅಂದರೆ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ, ಥೈರಾಯ್ಡ್ ಕೊರತೆ ಇತ್ತು. ಹೆಂಗಸರಲ್ಲಿ ಇದು ಹೆಚ್ಚು.

ಚಿಕಿತ್ಸೆ ಸರಳ. ಕೊರತೆಯಾದ ಥೈರಾಕ್ಸಿನ್ನನ್ನು ದಿನಕ್ಕೊಂದು ಮಾತ್ರೆಯ ರೂಪದಲ್ಲಿ ಹೊರಗಿನಿಂದ ಕೊಡುವುದು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಕುರಿಯ ಥೈರಾಯ್ಡ್ ಗ್ರಂಥಿಯಿಂದ ತೆಗೆದ ರಸವನ್ನು ಚುಚ್ಚುಮದ್ದಾಗಿ ಕೊಟ್ಟು ಒಬ್ಬ ಹೆಂಗಸನ್ನು ಬದುಕಿಸಿದರು. ಆಕೆ ಅನಂತರ 28 ವರ್ಷ ಬದುಕಿದ್ದರು. ಇಂದಿನ ಮಾತ್ರೆ ಕುರಿಯಿಂದ ಬರುವುದಿಲ್ಲ, ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆದರೆ ತತ್ತ್ವ ಅದೇ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆರೋಗ್ಯವಂತರ ಗ್ರಂಥಿ ಅಗತ್ಯಕ್ಕೆ ತಕ್ಕಂತೆ ಹಾರ್ಮೋನಿನ ಪ್ರಮಾಣವನ್ನು ತಾನೇ ಏರಿಸಿ ಇಳಿಸಬಲ್ಲದು. ಮಾತ್ರೆಗೆ ಆ ಬುದ್ಧಿ ಇಲ್ಲ. ನಿನ್ನೆ 100 ಮೈಕ್ರೋಗ್ರಾಂ ಇದ್ದದ್ದು ಇಂದೂ ಅಷ್ಟೇ.

ಬಾರ್ಬಿಚುರೇಟ್ ಎಂದರೇನು?

ಬಾರ್ಬಿಚುರಿಕ್ ಆಮ್ಲವನ್ನು ಮೊದಲು ತಯಾರಿಸಿದವರು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್, 1864ರಲ್ಲಿ. ಆ ಆಮ್ಲಕ್ಕೆ ನಿದ್ದೆ ಬರಿಸುವ ಗುಣವಿರಲಿಲ್ಲ. ಅದನ್ನು ಮಾರ್ಪಡಿಸಿ ತಯಾರಿಸಿದ ಬಾರ್ಬಿಟಾಲ್ ಎಂಬ ನಿದ್ರಾಜನಕವನ್ನು ಎಮಿಲ್ ಫಿಷರ್ ಮತ್ತು ಜೋಸೆಫ್ ಫಾನ್ ಮೇರಿಂಗ್ 1903ರಲ್ಲಿ ವೈದ್ಯಲೋಕಕ್ಕೆ ಪರಿಚಯಿಸಿದರು. 1912ರಲ್ಲಿ ಫಿನೋಬಾರ್ಬಿಟೋನ್ ಮಾರುಕಟ್ಟೆಗೆ ಬಂತು. ಅದೇ ವರ್ಷ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಯುವ ವೈದ್ಯರು, ಈ ಔಷಧಿ ಕೊಟ್ಟ ಮೂರ್ಛೆ ರೋಗಿಗಳಲ್ಲಿ ಫಿಟ್ಸ್ ಕಡಿಮೆಯಾದುದನ್ನು ಗಮನಿಸಿ ಪ್ರಕಟಿಸಿದರು.

ಮುಂದಿನ ಐವತ್ತು ವರ್ಷ ನಿದ್ದೆಗೆ, ಆತಂಕಕ್ಕೆ, ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯನ್ನು ಶಾಂತಗೊಳಿಸಲು, ಎಲ್ಲದಕ್ಕೂ ಬಾರ್ಬಿಚುರೇಟ್‌ಗಳೇ. ದಮ್ಮಿನ ಮಾತ್ರೆಗಳಲ್ಲೂ ಫಿನೋಬಾರ್ಬಿಟೋನ್ ಬೆರೆಸುತ್ತಿದ್ದ ಕಾಲವೊಂದಿತ್ತು. ನಮ್ಮ ದೇಶದಲ್ಲಿ ಆ ಮಿಶ್ರಣಗಳನ್ನು ನಿಷೇಧಿಸಲಾಗಿದೆ. ನಿದ್ದೆ ಬರಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ ಎಂಬುದು ಈ ವರ್ಗದ ದೊಡ್ಡ ದೋಷ. 1962ರಲ್ಲಿ ಚಿತ್ರನಟಿ ಮರ್ಲಿನ್ ಮನ್ರೋ ಸಾವಿಗೂ ಬಾರ್ಬಿಚುರೇಟ್ ಅತಿಸೇವನೆಯೇ ಕಾರಣವೆಂದು ದಾಖಲಾಯಿತು. 1960ರ ದಶಕದಿಂದೀಚೆಗೆ ಡಯಾಜೆಪಾಂ ಮೊದಲಾದ ಔಷಧಿಗಳು ಬಂದು ನಿದ್ದೆಯ ವಿಭಾಗದಿಂದ ಬಾರ್ಬಿಚುರೇಟ್‌ಗಳನ್ನು ಬಹುಮಟ್ಟಿಗೆ ಹೊರದಬ್ಬಿದವು.

ಹಾಗಾದರೆ ಈಗ ಇದರ ಮಾತೇಕೆ? ಫಿನೋಬಾರ್ಬಿಟೋನ್ ಇನ್ನೂ ನಮ್ಮ ನಡುವೆ ಇದೆ. 'ಗಾರ್ಡಿನಾಲ್' ಎಂಬ ಹೆಸರು ಮೂರ್ಛೆ ರೋಗಿಗಳಿರುವ ಎಷ್ಟೋ ಮನೆಗಳಿಗೆ ಪರಿಚಿತ. ಬೆಲೆ ಕಡಿಮೆ, ದಿನಕ್ಕೊಂದು ಬಾರಿ ನುಂಗಿದರೆ ಸಾಕು, ಪರಿಣಾಮ ಖಚಿತ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದಕ್ಕೆ ಸ್ಥಾನವಿದೆ. ನಮ್ಮದೇ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಹಳ್ಳಿಯ ರೋಗಿಗಳಿಗೆ ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಅಗ್ಗದ ಈ ಔಷಧಿಗಳಿಂದಲೇ ಹಳ್ಳಿಗಳಲ್ಲಿ ಮೂರ್ಛೆ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಆ ಅಧ್ಯಯನ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರು ಪ್ರದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಸಾವಿರಕ್ಕೆ ಸುಮಾರು 9 ಮಂದಿಗೆ ಮೂರ್ಛೆ ರೋಗವಿತ್ತು. ಪೇಟೆಗಿಂತ ಹಳ್ಳಿಗಳಲ್ಲಿ ಅದು ಎರಡು ಪಟ್ಟು ಹೆಚ್ಚು.

ಹತ್ತರಲ್ಲಿ ಒಬ್ಬರಿಗೆ ಥೈರಾಯ್ಡ್ ಕೊರತೆ, ನೂರರಲ್ಲಿ ಸುಮಾರು ಒಬ್ಬರಿಗೆ ಮೂರ್ಛೆ ರೋಗ. ಎರಡೂ ಒಬ್ಬರಲ್ಲೇ ಕೂಡಿಬರುವುದು ಆಶ್ಚರ್ಯವೇನಲ್ಲ.

ಮೊದಲ ಅಪಾಯ: ಉಸಿರು

ಚಿಕಿತ್ಸೆ ಪಡೆಯದ, ಅಥವಾ ಮಾತ್ರೆ ಬಿಟ್ಟ ಥೈರಾಯ್ಡ್ ರೋಗಿಯ ದೇಹದಲ್ಲಿ ಎಲ್ಲವೂ ನಿಧಾನ ಎಂದೆನಷ್ಟೆ. ಔಷಧಿಗಳನ್ನು ಕರಗಿಸಿ ಹೊರಹಾಕುವ ಕೆಲಸವೂ ನಿಧಾನವೇ. ಹಾಗಾಗಿ ಬೇರೆಯವರಿಗೆ ಒಂದು ರಾತ್ರಿಯ ನಿದ್ದೆ ಕೊಡುವ ಮಾತ್ರೆ ಇವರಲ್ಲಿ ಮರುದಿನವೂ ಉಳಿದು ಮಂಪರು ಕವಿಸಬಹುದು. ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಉಸಿರಾಟವನ್ನು ಚುರುಕುಗೊಳಿಸಬೇಕು. ತೀವ್ರ ಥೈರಾಯ್ಡ್ ಕೊರತೆಯಲ್ಲಿ ಈ ಪ್ರತಿಕ್ರಿಯೆಯೇ ಮಂಕಾಗಿರುತ್ತದೆ ಎಂದು 1975ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಮೊದಲೇ ತೂಕಡಿಸುತ್ತಿರುವ ಕಾವಲುಗಾರನಿಗೆ ನಿದ್ದೆಯ ಔಷಧಿಯನ್ನೂ ಕುಡಿಸಿದರೆ ಏನಾದೀತು?

ಹೀಗೆ ಉಂಟಾಗಬಹುದಾದ ಅತ್ಯಂತ ಭೀಕರ ಸ್ಥಿತಿಯ ಹೆಸರು ಮಿಕ್ಸಿಡೀಮಾ ಕೋಮಾ. ಹೆಚ್ಚಾಗಿ ವಯಸ್ಸಾದ ಹೆಂಗಸರಲ್ಲಿ, ಚಳಿಗಾಲದಲ್ಲಿ ಕಾಣುತ್ತದೆ. ಮೈ ತಣ್ಣಗಾಗುತ್ತದೆ, ನಾಡಿ ನಿಧಾನವಾಗುತ್ತದೆ, ಉಸಿರು ಮೇಲ್ಮೇಲಾಗಿ ಆಡುತ್ತದೆ, ರೋಗಿ ಮಂಪರಿನಿಂದ ಪ್ರಜ್ಞಾಹೀನತೆಗೆ ಜಾರುತ್ತಾರೆ. ಒಳ್ಳೆಯ ಆಸ್ಪತ್ರೆ ಸೇರಿದರೂ ನಾಲ್ಕೈದು ಜನರಲ್ಲಿ ಒಬ್ಬರಾದರೂ ಉಳಿಯುವುದು ಕಷ್ಟ. ಇದನ್ನು ಪ್ರಚೋದಿಸುವ ಕಾರಣಗಳ ಪಟ್ಟಿಯಲ್ಲಿ ಸೋಂಕು, ಚಳಿ, ಥೈರಾಕ್ಸಿನ್ ಮಾತ್ರೆ ನಿಲ್ಲಿಸುವುದು ಇವುಗಳ ಜೊತೆಗೆ ನಿದ್ರಾಜನಕ ಮತ್ತು ಮಾದಕ ನೋವುನಿವಾರಕಗಳ ಹೆಸರೂ ಇದೆ. ಬಾರ್ಬಿಚುರೇಟ್ ಮಾತ್ರವಲ್ಲ, ಇಂದು ಧಾರಾಳವಾಗಿ ಬಳಕೆಯಾಗುವ ಆಲ್‌ಪ್ರಜೋಲಾಂ, ಕ್ಲೊನಜೆಪಾಂ ಮಾತ್ರೆಗಳಿಗೂ ಈ ಎಚ್ಚರ ಅನ್ವಯಿಸುತ್ತದೆ.

ಸಮಾಧಾನದ ಮಾತೆಂದರೆ, ಥೈರಾಕ್ಸಿನ್ನನ್ನು ಕ್ರಮವಾಗಿ ನುಂಗಿ ಟಿ.ಎಸ್.ಎಚ್. ಹತೋಟಿಯಲ್ಲಿಟ್ಟುಕೊಂಡವರಿಗೆ ಈ ಮೊದಲ ಅಪಾಯದ ಭಯ ಬೇಡ. ಅವರು ತಿಳಿಯಬೇಕಾದದ್ದು ಎರಡನೆಯದನ್ನು.

ಎರಡನೆಯ ಅಪಾಯ: ಯಕೃತ್ತಿನ ಅವಸರ

ಯಕೃತ್ತಿನ ಜೀವಕೋಶಗಳಲ್ಲಿ ಕಿಣ್ವಗಳೆಂಬ ಕೆಲಸಗಾರರಿದ್ದಾರೆ. ಔಷಧಿ, ಹಾರ್ಮೋನು, ದೇಹದ ಕಸ ಎಲ್ಲವನ್ನೂ ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತ ಅಥವಾ ಮೂತ್ರದ ಮೂಲಕ ಹೊರಗೆ ಸಾಗಿಸುವುದು ಇವರ ಕೆಲಸ. ಫಿನೋಬಾರ್ಬಿಟೋನ್ ಕೆಲವು ವಾರ ದೇಹದೊಳಗಿದ್ದರೆ ಯಕೃತ್ತು ಈ ಕೆಲಸಗಾರರ ಸಂಖ್ಯೆಯನ್ನೇ ಹೆಚ್ಚಿಸುತ್ತದೆ. ವೈದ್ಯರು ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸಿದ್ದಾರೆ. ಹುಟ್ಟಿನಿಂದ ಕಾಮಾಲೆ ಇದ್ದ ಒಂದು ಮಗುವಿಗೆ ಫಿನೋಬಾರ್ಬಿಟೋನ್ ಕೊಟ್ಟಾಗ, ಹಳದಿ ವಸ್ತುವಾದ ಬಿಲಿರುಬಿನ್ ವೇಗವಾಗಿ ಹೊರಹೋದುದನ್ನು 1966ರಲ್ಲಿ ವರದಿ ಮಾಡಲಾಯಿತು.

ಬಿಲಿರುಬಿನ್ನನ್ನು ಹೊರಹಾಕುವ ಕಿಣ್ವಗಳ ಕುಟುಂಬವೇ ಥೈರಾಕ್ಸಿನ್ನಿನ ಒಂದು ಪಾಲನ್ನೂ ಹೊರಹಾಕುತ್ತದೆ. ಕೆಲಸಗಾರರು ಹೆಚ್ಚಾದರೆ ಥೈರಾಕ್ಸಿನ್ನೂ ಬೇಗ ಖಾಲಿ. 1968ರಲ್ಲಿ ಅಮೆರಿಕದ ಜ್ಯಾಕ್ ಓಪನ್‌ಹೈಮರ್ ಮತ್ತು ಸಂಗಡಿಗರು ಇಲಿಗಳಿಗೆ ಫಿನೋಬಾರ್ಬಿಟೋನ್ ಕೊಟ್ಟು ನೋಡಿದರು. ಯಕೃತ್ತು ಹೆಚ್ಚು ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಂಡಿತು, ಹಾರ್ಮೋನಿನ ಖರ್ಚು ಹೆಚ್ಚಿತು, ಅದನ್ನು ತುಂಬಿಕೊಡಲು ಥೈರಾಯ್ಡ್ ಗ್ರಂಥಿ ಹೆಚ್ಚು ದುಡಿಯತೊಡಗಿತು. 1973ರಲ್ಲಿ ಗ್ರೇವ್ಸ್ ಕಾಯಿಲೆಯ ರೋಗಿಗಳಲ್ಲಿ ನಡೆದ ಅಧ್ಯಯನದಲ್ಲೂ ಈ ಔಷಧಿ ಥೈರಾಕ್ಸಿನ್ ವಿಲೇವಾರಿಯನ್ನು ಚುರುಕುಗೊಳಿಸಿದ್ದು ಕಂಡುಬಂತು.

ದೀರ್ಘಕಾಲ ಫಿನೋಬಾರ್ಬಿಟೋನ್ ಕೊಟ್ಟ ಇಲಿಗಳಲ್ಲಿ ಥೈರಾಯ್ಡ್ ಗಡ್ಡೆಗಳೂ ಕಾಣಿಸಿಕೊಂಡದ್ದುಂಟು. ಇದನ್ನು ಓದಿ ಯಾರೂ ಗಾಬರಿಯಾಗಬೇಕಿಲ್ಲ. ಇಲಿಯ ರಕ್ತದಲ್ಲಿ ಥೈರಾಕ್ಸಿನ್ ಒಂದು ದಿನದೊಳಗೆ ಅರ್ಧಕ್ಕಿಳಿಯುತ್ತದೆ. ಮನುಷ್ಯರಲ್ಲಿ ಅದಕ್ಕೆ ಸುಮಾರು ಏಳು ದಿನ ಬೇಕು, ಏಕೆಂದರೆ ನಮ್ಮ ರಕ್ತದಲ್ಲಿ ಅದನ್ನು ಬಿಗಿಯಾಗಿ ಹಿಡಿದಿಡುವ ವಿಶೇಷ ಪ್ರೋಟೀನಿದೆ. ಹೀಗಾಗಿ ಇಲಿಯ ಗ್ರಂಥಿಯ ಮೇಲೆ ಬೀಳುವಷ್ಟು ಒತ್ತಡ ನಮ್ಮ ಗ್ರಂಥಿಯ ಮೇಲೆ ಬೀಳುವುದಿಲ್ಲ. ಥೈರಾಯ್ಡ್ ಸರಿಯಾಗಿರುವ ಮೂರ್ಛೆ ರೋಗಿಗಳಲ್ಲಿ ಸಾಮಾನ್ಯವಾಗಿ ಗ್ರಂಥಿಯೇ ಸ್ವಲ್ಪ ಹೆಚ್ಚು ಸ್ರವಿಸಿ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಟಿ.ಎಸ್.ಎಚ್. ಕೆಡುವುದಿಲ್ಲ.

ಆದರೆ ಗ್ರಂಥಿ ಸೋತವರ ಗತಿ? ಅವರ ಆದಾಯ ದಿನಕ್ಕೊಂದು ಮಾತ್ರೆ, ಅಷ್ಟೇ. ಖರ್ಚು ಹೆಚ್ಚಿದರೆ ತುಂಬಿಕೊಡುವವರಿಲ್ಲ. ಪಿಂಚಣಿಯಲ್ಲಿ ಬದುಕುವ ಮನೆಗೆ ಹೊಸ ಖರ್ಚು ಬಂದ ಹಾಗೆ. ಅದುವರೆಗೆ ಸರಿಯಾಗಿದ್ದ ಮಾತ್ರೆಯ ಪ್ರಮಾಣ ಸಾಲದಾಗುತ್ತದೆ, ಟಿ.ಎಸ್.ಎಚ್. ಏರುತ್ತದೆ, ಹಳೆಯ ತೊಂದರೆಗಳು ಒಂದೊಂದಾಗಿ ಮರಳುತ್ತವೆ.

ಮಾತ್ರೆ ಕಡಿಮೆ ಮಾಡಿದಾಗಲೂ ತೊಂದರೆ

ಈ ಲೆಕ್ಕ ತಿರುವುಮುರುವಾಗಿಯೂ ನಡೆಯುತ್ತದೆ. 1979ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ವರದಿ ಇದಕ್ಕೆ ನಿದರ್ಶನ. ಥೈರಾಯ್ಡ್ ಕೊರತೆಗೆ ದಿನಕ್ಕೆ 300 ಮೈಕ್ರೋಗ್ರಾಂ ಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದ 78 ವರ್ಷದ ಅಜ್ಜಿ ಪ್ರತಿ ರಾತ್ರಿ ನಿದ್ದೆಗಾಗಿ ಎರಡು ಬಾರ್ಬಿಚುರೇಟ್ ಕ್ಯಾಪ್ಸೂಲ್ ನುಂಗುತ್ತಿದ್ದರು. ಅದನ್ನು ಒಂದಕ್ಕೆ ಇಳಿಸಲಾಯಿತು. ಒಂದು ವಾರದೊಳಗೆ ಆಕೆಗೆ ಏದುಸಿರು. ಪರೀಕ್ಷಿಸಿದಾಗ ದೇಹದಲ್ಲಿ ಥೈರಾಯ್ಡ್ ಹಾರ್ಮೋನು ಅತಿಯಾಗಿತ್ತು. ಥೈರಾಕ್ಸಿನ್ ಪ್ರಮಾಣವನ್ನು ಇಳಿಸಿದ ಮೇಲೆ ತೊಂದರೆ ಹೋಯಿತು.

ನಡೆದದ್ದೇನು? ಬಾರ್ಬಿಚುರೇಟಿನಿಂದ ಚುರುಕಾಗಿದ್ದ ಯಕೃತ್ತು ಆ ದೊಡ್ಡ ಪ್ರಮಾಣದ ಥೈರಾಕ್ಸಿನ್ನನ್ನು ಖರ್ಚು ಮಾಡುತ್ತಿತ್ತು. ನಿದ್ದೆ ಮಾತ್ರೆ ಅರ್ಧವಾದಾಗ ಯಕೃತ್ತಿನ ಅವಸರವೂ ತಗ್ಗಿತು. ಖರ್ಚಾಗದೆ ಉಳಿದ ಥೈರಾಕ್ಸಿನ್ ಹೃದಯದ ಮೇಲೆ ಬಿತ್ತು. ವಯಸ್ಸಾದವರಲ್ಲಿ ಥೈರಾಕ್ಸಿನ್ ಅತಿಯಾದರೆ ಎದೆ ಡವಗುಟ್ಟುವುದು, ನಾಡಿ ಲಯ ತಪ್ಪುವುದು, ಮೂಳೆ ಸವೆಯುವುದು ಉಂಟು. ಮೂರ್ಛೆ ರೋಗವಿರುವವರಲ್ಲಿ ಫಿಟ್ಸ್ ಮರುಕಳಿಸುವ ಸಂಭವವೂ ಇದೆ.

ಎರಡರ ಲಕ್ಷಣಗಳೂ ಒಂದೇ

ಈ ಜೋಡಿಯನ್ನು ಗುರುತಿಸುವುದು ಕಷ್ಟವಾಗಲು ಇನ್ನೊಂದು ಕಾರಣವಿದೆ. ಫಿನೋಬಾರ್ಬಿಟೋನಿನ ಅಡ್ಡಪರಿಣಾಮಗಳೇನು? ತೂಕಡಿಕೆ, ಆಲಸ್ಯ, ಮರೆವು, ಖಿನ್ನತೆ. ಥೈರಾಯ್ಡ್ ಕೊರತೆಯ ಲಕ್ಷಣಗಳೇನು? ತೂಕಡಿಕೆ, ಆಲಸ್ಯ, ಮರೆವು, ಖಿನ್ನತೆ.

ಒಂದು ಉದಾಹರಣೆ ನೋಡೋಣ. ಐವತ್ತು ವರ್ಷದ ಗೃಹಿಣಿ ಎಂದುಕೊಳ್ಳಿ. ಥೈರಾಕ್ಸಿನ್ ನುಂಗುತ್ತಾ ಚೆನ್ನಾಗಿಯೇ ಇದ್ದವರಿಗೆ ಫಿಟ್ಸ್ ಬಂದು ಫಿನೋಬಾರ್ಬಿಟೋನ್ ಶುರುವಾಯಿತು. ಎರಡು ತಿಂಗಳಲ್ಲಿ ಆಕೆ ಮಂಕಾದರು, ಅಡುಗೆ ಮನೆಯಲ್ಲಿ ಒಲೆಯ ಮೇಲಿಟ್ಟದ್ದನ್ನು ಮರೆಯತೊಡಗಿದರು. "ಫಿಟ್ಸ್ ಮಾತ್ರೆಯ ಮಂಪರು, ಹೊಂದಿಕೊಳ್ಳುತ್ತೆ ಬಿಡಿ" ಎಂದು ಮನೆಯವರು ಸುಮ್ಮನಾದರು. ಕೆಲವು ಮನೆಗಳಲ್ಲಿ ಇದರ ಮುಂದಿನ ಹೆಜ್ಜೆ ಇನ್ನೂ ಅಪಾಯಕರ. ಮಂಪರಿಗೆ ಹೆದರಿ ಫಿಟ್ಸ್ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಫಿನೋಬಾರ್ಬಿಟೋನ್ ಏಕಾಏಕಿ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಇಂಥ ಮಂಕುತನಕ್ಕೆ ಮಾತ್ರೆ ಕಾರಣವೋ ಥೈರಾಯ್ಡ್ ಕಾರಣವೋ ಎಂಬುದನ್ನು ಊಹೆಯಿಂದ ತೀರ್ಮಾನಿಸಲಾಗದು. ಒಂದು ಟಿ.ಎಸ್.ಎಚ್. ಪರೀಕ್ಷೆ ಬಹುಪಾಲು ಉತ್ತರ ಹೇಳುತ್ತದೆ.

ಇದರ ಮಗ್ಗುಲಲ್ಲೇ ಇನ್ನೊಂದು ಗೊಂದಲ. ಥೈರಾಕ್ಸಿನ್ ಪ್ರಮಾಣ ಹೆಚ್ಚಾದವರಿಗೆ ನಿದ್ದೆ ಬರುವುದಿಲ್ಲ. "ಡಾಕ್ಟ್ರೇ, ನಿದ್ದೆಗೆ ಏನಾದ್ರೂ ಕೊಡಿ" ಎಂದು ಕೇಳುತ್ತಾರೆ. ಇವರಿಗೆ ಬೇಕಾದದ್ದು ನಿದ್ದೆ ಮಾತ್ರೆಯಲ್ಲ, ಥೈರಾಕ್ಸಿನ್ ಪ್ರಮಾಣದ ಮರುಪರಿಶೀಲನೆ.

ಈ ಗುಣವಿರುವ ಇತರ ಔಷಧಿಗಳು

ಯಕೃತ್ತನ್ನು ಹೀಗೆ ಚುರುಕುಗೊಳಿಸುವುದು ಬಾರ್ಬಿಚುರೇಟ್‌ಗಳಷ್ಟೇ ಅಲ್ಲ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್ ಕೂಡ ಈ ಗುಂಪಿಗೆ ಸೇರುತ್ತವೆ. ಕ್ಷಯರೋಗದ ಚಿಕಿತ್ಸೆಯಲ್ಲಿ ಆರು ತಿಂಗಳು ನುಂಗುವ ರಿಫಾಂಪಿಸಿನ್ ಇವುಗಳಲ್ಲೆಲ್ಲ ಪ್ರಬಲ. ಥೈರಾಕ್ಸಿನ್ ನುಂಗುವವರಿಗೆ ಟಿ.ಬಿ. ಚಿಕಿತ್ಸೆ ಆರಂಭವಾದರೆ ಥೈರಾಕ್ಸಿನ್ ಹೆಚ್ಚಿಸಬೇಕಾಗಬಹುದು, ಆರು ತಿಂಗಳು ಮುಗಿದ ಮೇಲೆ ಮತ್ತೆ ಇಳಿಸಬೇಕಾಗಬಹುದು.

ಫೆನಿಟಾಯಿನ್, ಕಾರ್ಬಮಜೆಪಿನ್ ತೆಗೆದುಕೊಳ್ಳುವವರ ರಕ್ತದಲ್ಲಿ ಟಿ-4 ಪ್ರಮಾಣ ಕಡಿಮೆ ಕಂಡರೂ ಟಿ.ಎಸ್.ಎಚ್. ಸರಿಯಾಗಿರುವುದುಂಟು. ಅಂಥವರಿಗೆ ಸಾಮಾನ್ಯವಾಗಿ ಥೈರಾಯ್ಡ್ ಕಾಯಿಲೆ ಇರುವುದಿಲ್ಲ. ಲ್ಯಾಬ್ ವರದಿಯಲ್ಲಿ ಒಂದು ಅಂಕಿ ದಪ್ಪಕ್ಷರದಲ್ಲಿದೆ ಎಂಬ ಕಾರಣಕ್ಕೆ ಥೈರಾಕ್ಸಿನ್ ಶುರುಮಾಡಬಾರದು.

ರೋಗಿ ಮಾಡಬೇಕಾದದ್ದೇನು?

ಇಷ್ಟೆಲ್ಲ ಓದಿ ಯಾರೂ ಎರಡರಲ್ಲಿ ಒಂದು ಮಾತ್ರೆಯನ್ನು ಬಿಡಬೇಕಿಲ್ಲ. ಥೈರಾಕ್ಸಿನ್ ಮತ್ತು ಫಿನೋಬಾರ್ಬಿಟೋನ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು, ಅಷ್ಟೇ. ಕೆಳಗಿನ ಮಾತುಗಳನ್ನು ನೆನಪಿಡಿ.

1. ಯಾವ ವೈದ್ಯರ ಬಳಿ ಹೋದರೂ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ದು ತೋರಿಸಿ. ಹೆಸರು ನೆನಪಿಲ್ಲದಿದ್ದರೆ ಹಾಳೆಯೇ ಸಾಕ್ಷಿ. ನಾಟಿ ಔಷಧಿ, ಬೇರೆಯವರು ಕೊಟ್ಟ ನಿದ್ದೆ ಮಾತ್ರೆ ಇದ್ದರೆ ಅದನ್ನೂ ಮುಚ್ಚಿಡಬೇಡಿ.

2. ಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವವರಿಗೆ ಫಿನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪಿನ್ ಅಥವಾ ರಿಫಾಂಪಿಸಿನ್ ಆರಂಭಿಸಿದರೆ ಆರರಿಂದ ಎಂಟು ವಾರಗಳ ನಂತರ ಟಿ.ಎಸ್.ಎಚ್. ಪರೀಕ್ಷೆ ಮಾಡಿಸಬೇಕು. ಅದಕ್ಕಿಂತ ಮುಂಚೆ ಮಾಡಿಸಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಈ ಔಷಧಿಗಳ ಪ್ರಮಾಣ ಬದಲಿಸಿದಾಗಲೂ ನಿಲ್ಲಿಸಿದಾಗಲೂ ಇದೇ ಕ್ರಮ.

3. ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಥೈರಾಕ್ಸಿನ್ ಪ್ರಮಾಣವನ್ನು ನೀವಾಗಿ ಏರಿಸಬೇಡಿ. ಎರಡನ್ನೂ ವೈದ್ಯರು ನಿಧಾನವಾಗಿ ಬದಲಿಸುತ್ತಾರೆ.

4. ಥೈರಾಕ್ಸಿನ್ನನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ನುಂಗಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಕೊಡಿ. ಎಷ್ಟೋ ಸಲ ಟಿ.ಎಸ್.ಎಚ್. ಏರಲು ಬೇರೆ ಔಷಧಿ ಕಾರಣವಲ್ಲ, ನುಂಗುವ ಕ್ರಮ ಕಾರಣ.

5. ಥೈರಾಯ್ಡ್ ಕೊರತೆ ಇರುವವರು, ಅದರಲ್ಲೂ ವಯಸ್ಸಾದವರು, ವೈದ್ಯರನ್ನು ಕೇಳದೆ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗಬಾರದು. ಗಟ್ಟಿಯಾಗಿ ಗೊರಕೆ ಹೊಡೆಯುವ, ನಿದ್ದೆಯಲ್ಲಿ ಉಸಿರು ಕಟ್ಟುವ ಅಭ್ಯಾಸವಿದ್ದರಂತೂ ಖಂಡಿತ ಕೂಡದು. ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ತಜ್ಞರಿಗೆ ಥೈರಾಯ್ಡ್ ವಿಷಯ ತಿಳಿಸಿ.

6. ಮೂರ್ಛೆ ರೋಗ ಮತ್ತು ಥೈರಾಯ್ಡ್ ಕೊರತೆ ಎರಡೂ ಇರುವ ಹೆಣ್ಣುಮಕ್ಕಳು ಬಸಿರಾಗುವ ಮುನ್ನವೇ ವೈದ್ಯರನ್ನು ಕಾಣಬೇಕು. ಮೊದಲ ಮೂರು ತಿಂಗಳು ಮಗುವಿನ ಮಿದುಳು ತಾಯಿಯ ಥೈರಾಕ್ಸಿನ್ನನ್ನೇ ನೆಚ್ಚಿಕೊಂಡಿರುತ್ತದೆ. ಬಸುರಿನಲ್ಲಿ ಹೇಗೂ ಅದರ ಅಗತ್ಯ ಹೆಚ್ಚು. ಫಿಟ್ಸ್ ಮಾತ್ರೆಯ ಆಯ್ಕೆಯನ್ನೂ ಆಗಲೇ ಚರ್ಚಿಸಬೇಕು.

7. ಥೈರಾಯ್ಡ್ ರೋಗಿ ವಿಪರೀತ ತೂಕಡಿಸುತ್ತಿದ್ದರೆ, ಮೈ ತಣ್ಣಗಿದ್ದರೆ, ಕೂಗಿದರೆ ಸರಿಯಾಗಿ ಉತ್ತರಿಸದಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ, ಯಾವ ಯಾವ ಮಾತ್ರೆ ನುಂಗಿದ್ದಾರೆಂಬುದನ್ನು ಅಲ್ಲಿಯ ವೈದ್ಯರಿಗೆ ತಿಳಿಸಿ.

ಟಿ.ಎಸ್.ಎಚ್. ಪರೀಕ್ಷೆಗೆ ಒಂದು ಚೂರು ರಕ್ತ ಸಾಕು, ಈಗ ತಾಲ್ಲೂಕು ಊರುಗಳ ಲ್ಯಾಬುಗಳಲ್ಲೂ ಮಾಡಿಸಬಹುದು. ಮನೆಯಲ್ಲಿ ಈ ಎರಡು ಮಾತ್ರೆಗಳನ್ನೂ ನುಂಗುವವರಿದ್ದರೆ, ಅವರು ಕೊನೆಯ ಬಾರಿ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಇಂದೇ ಕೇಳಿ. ಫಿಟ್ಸ್ ಮಾತ್ರೆ ಶುರುವಾಗುವ ಮುಂಚೆ ಎಂಬ ಉತ್ತರ ಬಂದರೆ, ಮುಂದಿನ ವಾರದೊಳಗೆ ಮತ್ತೊಮ್ಮೆ ಮಾಡಿಸಿ ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ.